ಮಾಡುತ್ತ ಕಲಿಯುವ ಪಾಠ

ಕಲಿಯುವವರ ಕೈಯಿಂದಲೇ ಕೆಲಸ ಮಾಡಿಸುತ್ತ ಒಂದೊಂದೇ ಹಂತ ದಾಟಿಸುವ ಪಾಠವೇ ಟ್ಯುಟೋರಿಯಲ್. ಅದು ಎದುರು ಕೂತ ಮಾಸ್ತರರಿಂದ ಬರಬಹುದು, ಅಚ್ಚಾದ ಪುಸ್ತಿಕೆಯಿಂದಲೋ ಮೊಬೈಲಿನ ವಿಡಿಯೋದಿಂದಲೋ ಬರಬಹುದು. ಉಪನ್ಯಾಸದಲ್ಲಿ ಹೇಳುವವರಿಗೆ ಕೆಲಸ ಹೆಚ್ಚು, ಇಲ್ಲಿ ಕೇಳುವವರಿಗೆ ಹೆಚ್ಚು. ಆಕ್ಸ್‌ಫರ್ಡಿನ ವಿದ್ಯಾರ್ಥಿ ಇಂದಿಗೂ ಪ್ರಬಂಧ ಬರೆದು ತಂದು ಅಧ್ಯಾಪಕರೆದುರು ಅದನ್ನು ಸಮರ್ಥಿಸಿಕೊಳ್ಳಬೇಕು.

ಕರ್ನಾಟಕದ ಊರುಗಳಲ್ಲಿ ‘ಟ್ಯುಟೋರಿಯಲ್’ ಎಂಬ ಬೋರ್ಡು ಬಹುಕಾಲ ಎಸ್ಸೆಸ್ಸೆಲ್ಸಿ, ಪಿಯುಸಿ ಫೇಲಾದವರಿಗೆ ಮೀಸಲಾಗಿತ್ತು. ಅಲ್ಲಿಗೆ ಹೋಗುವುದೇ ನಾಚಿಕೆ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಇನ್ನೊಂದೆಡೆ, ಉತ್ತರ ಕನ್ನಡದಲ್ಲಿ ಶಿಕ್ಷಣ ಹರಡಲು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅದೇ ಟ್ರಸ್ಟಿನ, ಅಂಕೋಲೆಯ ಗೋಖಲೆ ಸೆಂಟೆನರಿ ಕಾಲೇಜು 1966ರಲ್ಲಿ ಆರಂಭವಾಯಿತು. ಬಡವರ ಮಕ್ಕಳಿಗೆ ಓದು ಹತ್ತಿರವಾದದ್ದು ಇಂಥ ಕೆಲಸದಿಂದ. ಆದರೆ ಶಾಲೆ ಹತ್ತಿರವಾದ ಮಾತ್ರಕ್ಕೆ ಪಾಠವೂ ಹತ್ತಿರವಾಗುವುದಿಲ್ಲ. ಕಾರವಾರದ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಂಪ್ಯೂಟರಿನಲ್ಲಿ ಇಂಗ್ಲಿಷು. ತುಂಬಿದ ತರಗತಿಯಲ್ಲಿ ಯಾರು ಎಲ್ಲಿ ಎಡವಿದರೆಂದು ನೋಡಲು ಮಾಸ್ತರರಿಗೂ ಪುರುಸೊತ್ತಿಲ್ಲ.

ಟ್ಯುಟೋರಿಯಲ್‌ನ ನಿಜವಾದ ಉಪಯೋಗ ಇರುವುದು ಈ ಎಡವಿದ ಜಾಗವನ್ನು ಕಂಡುಹಿಡಿಯುವುದರಲ್ಲಿ. ಹತ್ತನೆಯ ತರಗತಿಯ x² − 5x + 6 = 0 ಎಂಬ ವರ್ಗ ಸಮೀಕರಣವನ್ನೇ ನೋಡಬಹುದು. ಗುಣಿಸಿದರೆ 6, ಕೂಡಿಸಿದರೆ −5 ಬರುವ ಎರಡು ಸಂಖ್ಯೆ ಹುಡುಕಿ ಮಧ್ಯಪದವನ್ನು ಒಡೆಯಬೇಕು. ಒಬ್ಬ ಹುಡುಗಿ 2, 3 ಎಂದು ಬರೆಯುತ್ತಾಳೆ: ಗುಣಲಬ್ಧ ಸರಿಯಿದೆ, ಮೊತ್ತ ನೋಡಿಲ್ಲ. ಇನ್ನೊಬ್ಬಳು −2, −3 ಎಂದು ಸರಿಯಾಗಿ ಹುಡುಕಿ, ಅವನ್ನೇ ಮೂಲಗಳೆಂದು ಉತ್ತರಿಸುತ್ತಾಳೆ. ಮೂಲಗಳು 2 ಮತ್ತು 3. ಇಬ್ಬರಿಗೂ ಸಿಗುವುದು ಕೆಂಪು ಗೆರೆಯೇ, ಆದರೆ ಇಬ್ಬರಿಗೂ ಬೇಕಾದ ಪಾಠ ಬೇರೆ. ಮೊದಲನೆಯವಳು ಚಿಹ್ನೆಗಳ ಲೆಕ್ಕಕ್ಕೆ ಮರಳಬೇಕು, ಎರಡನೆಯವಳಿಗೆ ಅಪವರ್ತನವನ್ನು ಸೊನ್ನೆಗೆ ಸಮ ಮಾಡುವ ಕೊನೆಯ ಹಂತವೊಂದನ್ನು ತಿದ್ದಿದರೆ ಸಾಕು. ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ನಡುವಿನ ಅಲ್ಪ ಅವಧಿಯಲ್ಲಿ ಇಡೀ ಪುಸ್ತಕ ತಿರುವಿಹಾಕುವುದಕ್ಕಿಂತ ಇಂಥ ವಿಂಗಡಣೆ ಫಲ ಕೊಡುತ್ತದೆ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಒಬ್ಬೊಬ್ಬರಾಗಿ ಕಲಿಸಿಕೊಂಡ ಸರಾಸರಿ ವಿದ್ಯಾರ್ಥಿ ಸಾಮಾನ್ಯ ತರಗತಿಯ ಶೇ. 98ರಷ್ಟು ಮಂದಿಯನ್ನು ಮೀರಿಸಿದನೆಂದು ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ನಂತರದ ಅಧ್ಯಯನಗಳಲ್ಲಿ ಅಂತರ ಅಷ್ಟು ದೊಡ್ಡದಾಗಿ ಕಂಡಿಲ್ಲ. ಲಾಭ ಮಾತ್ರ ಕಂಡಿದೆ. ಬೀಜಗಣಿತದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ಓದಿದವರು ಅದೇ ಬಗೆಯ ಲೆಕ್ಕಗಳನ್ನು ಕಡಿಮೆ ಹೊತ್ತಿನಲ್ಲಿ, ಕಡಿಮೆ ತಪ್ಪಿನಿಂದ ಬಿಡಿಸಿದರೆಂದು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ತೋರಿಸಿದರು.

ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್, ಬಿಡಿಸಿ ತೋರಿಸುವ ಇದೇ ತತ್ವವನ್ನು ಕಂಪ್ಯೂಟರಿಗೆ ತಂದ ಯೋಜನೆ. ಸುಮಾರು ಹತ್ತು ನಿಮಿಷದ ಪಾಠಗಳು. ಪರದೆಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲೇ ಉಳಿದು, ವಿವರಣೆಯ ದನಿ ಕನ್ನಡಕ್ಕೋ ಬೇರೆ ಭಾರತೀಯ ಭಾಷೆಗೋ ಬದಲಾಗುತ್ತದೆ. ಒಂದು ಪಕ್ಕದಲ್ಲಿ ವಿಡಿಯೋ, ಇನ್ನೊಂದು ಪಕ್ಕದಲ್ಲಿ ತಂತ್ರಾಂಶ ತೆರೆದಿಟ್ಟು, ತಡೆದು ತಡೆದು ಅದರಂತೆಯೇ ಮಾಡಬೇಕು. ಪಾಠವನ್ನು ಒಮ್ಮೆ ಇಳಿಸಿಕೊಂಡರೆ ಮತ್ತೆ ನೆಟ್‌ವರ್ಕ್ ಬೇಕಿಲ್ಲ. ಘಟ್ಟದಂಚಿನ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವೇನಲ್ಲ. ಆದರೆ ವಿಡಿಯೋಗೆ ಎದುರಿನ ಮುಖದ ಗೊಂದಲ ಕಾಣದು. ಹಾಗಾಗಿ ಲ್ಯಾಬಿನಲ್ಲಿ ಬೆಂಚಿನಿಂದ ಬೆಂಚಿಗೆ ಓಡಾಡುವ ಒಬ್ಬ ಶಿಕ್ಷಕರು ಬೇಕೇ ಬೇಕು.

ಎಲ್ಲ ವಿದ್ಯೆಯೂ ಹಂತಗಳಲ್ಲಿ ಹಿಡಿಯುವಂಥದ್ದಲ್ಲ. ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು, ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬುದನ್ನು ಕಣ್ಣು, ಕೈಗಳಿಂದ ಬಲ್ಲವರಾದರು. ಸಸಿ ಮಾಡುವ ಕ್ರಮವನ್ನು ಬರೆದಿಡಬಹುದು, ಆ ಕಣ್ಣನ್ನು ಬರೆದಿಡಲಾಗದು.

ಹಂತಗಳನ್ನು ತೆಗೆಯುವುದೂ ಟ್ಯುಟೋರಿಯಲ್‌ನ ಭಾಗವೇ. ಕಲಿತವರಿಗೂ ಅದನ್ನೇ ಬಿಡಿಸಿ ಹೇಳುತ್ತಿದ್ದರೆ ಕಲಿಕೆ ಕುಂಟುತ್ತದೆಂದು ಸಂಶೋಧನೆಗಳೇ ಹೇಳಿವೆ. ಮೊದಲ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಬೇಕು, ಎರಡನೆಯದರಲ್ಲಿ ಕೊನೆಯ ಸಾಲನ್ನು ಖಾಲಿ ಬಿಡಬೇಕು, ಮೂರನೆಯದರಲ್ಲಿ ಮೊದಲ ಸಾಲನ್ನಷ್ಟೇ ಕೊಡಬೇಕು. ಆಮೇಲೆ ಗುಣಲಬ್ಧ −12, ಮೊತ್ತ 1 ಎಂಬ ಲೆಕ್ಕ ಕೊಟ್ಟು ಸುಮ್ಮನಿರಬೇಕು. 4 ಮತ್ತು −3 ಎಂದು ತಾನಾಗಿ ಬರೆದ ಹುಡುಗಿಗೆ ಆ ಪಾಠದ ಟ್ಯುಟೋರಿಯಲ್ ಇನ್ನು ಬೇಕಿಲ್ಲ.