ಎವೆಲಿನ್‌ಳ 7 ಶಿಲ್ಲಿಂಗು



ಐರ್ಲೆಂಡಿನ ಜೇಮ್ಸ್ ಜಾಯ್ಸ್ 1904ರಲ್ಲಿ ಪ್ರಕಟಿಸಿದ ‘ಎವೆಲಿನ್’ ಕಥೆಯನ್ನು ನಿಮ್ಮ ಮುಂದಿಡುತ್ತೇವೆ. ಡಬ್ಲಿನ್ನಿನ ಅಂಗಡಿಯಲ್ಲಿ ದುಡಿಯುವ, 19 ದಾಟಿದ ಹುಡುಗಿ. ವಾರದ ಸಂಬಳ 7 ಶಿಲ್ಲಿಂಗು. ಅಷ್ಟನ್ನೂ ತಂದೆಯ ಕೈಗಿಡುತ್ತಾಳೆ. ಶನಿವಾರ ರಾತ್ರಿ ಮನೆಖರ್ಚಿಗೆ ಕೇಳಿದರೆ, ದುಂದು ಮಾಡುತ್ತೀಯೆಂದು ಬೈದ ಮೇಲೆಯೇ ಅವನು ಕೊಡುವುದು. ಮನೆ ಉಳಿಸುವೆನೆಂದು ಸಾಯುವ ತಾಯಿಗೆ ಮಾತು ಕೊಟ್ಟಿದ್ದಾಳೆ. ಮದುವೆಯಾಗಿ ಬ್ಯೂನಸ್ ಐರಿಸ್‌ಗೆ ಕರೆದೊಯ್ಯುವೆನೆಂದ ನಾವಿಕನೊಡನೆ ಬಂದರುಕಟ್ಟೆಯವರೆಗೆ ಹೋಗುತ್ತಾಳೆ, ಹಡಗು ಹತ್ತಲಾರಳು.

ಇವಳು ಹೇಡಿಯೇ? ಅಲ್ಲವೆನ್ನುತ್ತೇವೆ. ದುಡಿಮೆ ಅವಳದು, ಹಣದ ಮೇಲೆ ಹಕ್ಕು ಅವಳದಲ್ಲ. ಅಂಥವಳಿಗೆ ಕಾಲಿದ್ದೂ ದಾರಿಯಿಲ್ಲ. ಆ ದೇಶದಲ್ಲಿ, ಮದುವೆಯಾದ ಹೆಂಗಸು ಸರಕಾರಿ ನೌಕರಿ ಬಿಡಬೇಕೆಂಬ ಕಟ್ಟಳೆ 1973ರವರೆಗೂ ಇತ್ತು.

ಮಾಲೀಕ ಕೂಲಿ ಹಿಡಿದರೆ ಮುಷ್ಕರ ಹೂಡುವವರು ನಾವು. ಮನೆಯ ಹೆಣ್ಣುಮಕ್ಕಳ ಕೂಲಿ ಯಾರ ಕಿಸೆಯಲ್ಲಿದೆ? ಇಂದು ರಾತ್ರಿಯೇ ತಡವಿ ನೋಡಿಕೊಳ್ಳೋಣ.