ಶಾಲೆಗೆ ಬಂದ ಯಂತ್ರ ಗುರುವಿನ ಕೈಗೆ ಬರಲಿ

(ಶ್ರೀಮಠದ ಶಾಲೆಗಳ ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಣದ ಮಾತಿನಿಂದಲೇ ಶುರು ಮಾಡುತ್ತೇನೆ, ಪೂಜ್ಯರು ಮನ್ನಿಸಬೇಕು. ಈ ವರ್ಷ ನಮ್ಮ ಎಲ್ಲ ಪ್ರೌಢಶಾಲೆಗಳಿಗೂ ಸ್ಮಾರ್ಟ್ ಬೋರ್ಡ್ ತರಿಸಬೇಕೆಂಬ ವಿಚಾರ ಮಂಡಳಿಯ ಮುಂದಿದೆ. ಭಕ್ತರು ಕಾಣಿಕೆ ಕೊಡಲು ಮುಂದೆ ಬಂದಿದ್ದಾರೆ. ಸಂತೋಷ. ಆದರೆ ಆ ಕಾಣಿಕೆಯಲ್ಲಿ ಜೋಳ ಮಾರಿದವರ ದುಡ್ಡಿದೆ, ಸಂತೆಯಲ್ಲಿ ಕೂತು ಬಳೆ ಮಾರಿದ ತಾಯಿಯ ದುಡ್ಡೂ ಇದೆ. ದಾಸೋಹದ ಹಣ ಗೋಡೆಗೆ ಅಲಂಕಾರವಾಗಬಾರದು. ಅದಕ್ಕಾಗಿ ಖರೀದಿಗೆ ಮೊದಲು ನಾಲ್ಕು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಲು ಅಪ್ಪಣೆ ಬೇಡುತ್ತೇನೆ.

ನಾನು ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವನು. ನಿವೃತ್ತಿಯ ನಂತರ ಶಾಲೆಯಿಂದ ಶಾಲೆಗೆ ತಿರುಗುತ್ತ ಶಿಕ್ಷಕರ ಜೊತೆ ಕೂತು ಪಾಠ ತಯಾರಿಸುವುದೇ ನನ್ನ ಕಾಯಕ. ಈ ತಿರುಗಾಟದಲ್ಲಿ ಎಷ್ಟೋ ಕಡೆ ಒಂದೇ ನೋಟ ಕಂಡಿದ್ದೇನೆ. ಕಂಪ್ಯೂಟರ್ ಕೋಣೆಗೆ ಬೀಗ, ಬೀಗದ ಕೈ ಮುಖ್ಯೋಪಾಧ್ಯಾಯರ ಕಿಸೆಯಲ್ಲಿ, ಒಳಗೆ ಯಂತ್ರಗಳ ಮೇಲೆ ಹೊದಿಸಿದ ಬಟ್ಟೆ, ಬಟ್ಟೆಯ ಮೇಲೆ ಧೂಳು. ಕೇಳಿದರೆ ಉತ್ತರ ಒಂದೇ: ‘ಸರ್, ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ. ಮಕ್ಕಳು ಕೆಡಿಸಿದರೆ ಯಾರು ಹೊಣೆ?’ ಅವರನ್ನು ನಾನು ಬೈಯುವುದಿಲ್ಲ. ಕೆಟ್ಟರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯವಿದ್ದಲ್ಲಿ ಯಾರಾದರೂ ಬೀಗವನ್ನೇ ಹಾಕುತ್ತಾರೆ.

ಯಂತ್ರ ಬಂದರೆ ಶಾಲೆ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆ ಇವತ್ತಿನದಲ್ಲ. ಅಮೆರಿಕದ ಥಾಮಸ್ ಎಡಿಸನ್, ಇನ್ನು ಕೆಲವೇ ವರ್ಷಗಳಲ್ಲಿ ಪಠ್ಯಪುಸ್ತಕದ ಜಾಗವನ್ನು ಚಲನಚಿತ್ರ ಹಿಡಿಯುತ್ತದೆ ಎಂದು 1922ರಲ್ಲಿ ಹೇಳಿದ್ದರು. ನೂರು ವರ್ಷ ದಾಟಿತು. ಪುಸ್ತಕ ಮಕ್ಕಳ ಚೀಲದಲ್ಲೇ ಇದೆ, ಚೀಲ ಮಾತ್ರ ಇನ್ನೂ ಭಾರವಾಗಿದೆ! ನಮ್ಮಲ್ಲಿ ಆಕಾಶವಾಣಿಯ ‘ಕೇಳಿ ಕಲಿ’ ಬಂತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಟಿ.ವಿ. ಪಾಠ ಬಂತು. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಬಂತು. ಇವೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ರೇಡಿಯೊ ಪಾಠಕ್ಕೆ ಮೊದಲು ಮಕ್ಕಳನ್ನು ಸಿದ್ಧಗೊಳಿಸಿ, ಮುಗಿದ ಮೇಲೆ ಪ್ರಶ್ನೆ ಕೇಳಿದ ಗುರುಗಳಿದ್ದಲ್ಲಿ ಮಕ್ಕಳು ಕಲಿತರು. ರೇಡಿಯೊ ಹಚ್ಚಿ ಗುರುಗಳು ಹಾಜರಿ ಪುಸ್ತಕ ಬರೆಯುತ್ತ ಕೂತಲ್ಲಿ ಮಕ್ಕಳು ತೂಕಡಿಸಿದರು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು ನಿಜ, ಆದರೂ ‘ವಿದ್ಯಾಗಮ’ಕ್ಕಾಗಿ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಕೂತವರು ನೀವೇ ಅಲ್ಲವೇ?

ಹಾಗಾದರೆ ತಂತ್ರಜ್ಞಾನ ಬೇಡವೇ? ಬೇಕು. ಯಾರ ಕೈಯಲ್ಲಿ ಅದು ಹೇಗೆ ಬೆಳಗಿತು ಎಂಬುದಕ್ಕೆ ನಮ್ಮ ನೆರೆಯದೇ ಒಂದು ಉದಾಹರಣೆ ಇದೆ. ಸಿದ್ಧರಾಮ ಶಿವಯೋಗಿಗಳ ಸೊಲ್ಲಾಪುರ ನಿಮಗೆಲ್ಲ ಗೊತ್ತು. ಆ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಳೆ ಎಂಬ ಶಿಕ್ಷಕರು ಬಂದರು. ಶಾಲೆಯ ಕಟ್ಟಡ ಬೀಳುವ ಹಾಗಿತ್ತು, ಪಕ್ಕದಲ್ಲೇ ದನದ ಕೊಟ್ಟಿಗೆ. ಹೆಣ್ಣುಮಕ್ಕಳು ಶಾಲೆಗೆ ಬರುವುದು ಅಷ್ಟಕ್ಕಷ್ಟೇ, ಎಳೆಯ ವಯಸ್ಸಿಗೇ ಮದುವೆ. ಆ ಹೆಣ್ಣುಮಕ್ಕಳ ಮನೆಮಾತು ಯಾವುದು ಗೊತ್ತೇ? ಕನ್ನಡ. ಪಠ್ಯಪುಸ್ತಕ ಅವರ ಮಾತಿನಲ್ಲಿರಲಿಲ್ಲ. ಡಿಸಳೆಯವರು ಮೊದಲು ಮಾಡಿದ ಕೆಲಸ ಕಂಪ್ಯೂಟರ್ ಕೊಂಡದ್ದಲ್ಲ, ಕನ್ನಡ ಕಲಿತದ್ದು! ಆಮೇಲೆ ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವ ಹಾಗೆ ಮರುರೂಪಿಸಿ, ಅದರಲ್ಲಿ ಕ್ಯೂಆರ್ ಕೋಡ್ ಅಂಟಿಸಿ, ಹಾಡು, ಕಥೆ, ಪಾಠಗಳ ಧ್ವನಿಯನ್ನೂ ವಿಡಿಯೊವನ್ನೂ ಜೋಡಿಸಿದರು. 2020ರ ಡಿಸೆಂಬರಿನಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು, ಹತ್ತು ಲಕ್ಷ ಡಾಲರ್. ಅದರಲ್ಲಿ ಅರ್ಧವನ್ನು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಜನ ಶಿಕ್ಷಕರಿಗೆ ಹಂಚುವುದಾಗಿ ಅವರು ಅಲ್ಲೇ ಸಾರಿದರು. ಪ್ರಶಸ್ತಿಯ ಮಾತು ಪತ್ರಿಕೆಗಳಲ್ಲಿ ಬಂತು, ಕನ್ನಡ ಕಲಿತ ಮಾತನ್ನು ನಾವು ಕನ್ನಡಿಗರೇ ಅಷ್ಟಾಗಿ ಗಮನಿಸಲಿಲ್ಲ.

ಈಗ ನಮ್ಮ ತರಗತಿಗೆ ಬರೋಣ. ಒಂಬತ್ತನೆಯ, ಹತ್ತನೆಯ ತರಗತಿಗೆ ವೃತ್ತದ ಪಾಠ ಮಾಡುವವರಿಗೆ ಜಿಯೋಜೀಬ್ರಾ ಎಂಬ ತಂತ್ರಾಂಶ ದುಡ್ಡು ಕೊಡದೆ ಸಿಗುತ್ತದೆ. ಅರ್ಧವೃತ್ತದಲ್ಲಿ ಉಂಟಾಗುವ ಕೋನ ಲಂಬಕೋನ ಎಂದು ನಾವು ಹಲಗೆಯ ಮೇಲೆ ಒಂದು ಚಿತ್ರ ಬರೆದು ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅದೇ ಪರದೆಯ ಮೇಲೆ ವೃತ್ತ ಬರೆದು, ಪರಿಧಿಯ ಮೇಲಿನ ಬಿಂದುವನ್ನು ಒಬ್ಬ ಹುಡುಗಿಯ ಕೈಯಿಂದ ಎಳೆಸಿರಿ. ಎಳೆಯುವ ಮೊದಲು ಕೇಳಿರಿ: ಕೋನ ಹೆಚ್ಚುತ್ತದೋ, ಕಡಿಮೆಯಾಗುತ್ತದೋ? ಅರ್ಧ ತರಗತಿ ಹೆಚ್ಚುತ್ತದೆ ಎನ್ನುತ್ತದೆ. ಬಿಂದು ಎಲ್ಲಿಗೆ ಸರಿದರೂ 90 ಎಂದೇ ತೋರಿಸಿದಾಗ ‘ಯಾಕೆ?’ ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು, ಆರಿಸಿಬಿಡಿ. ಹತ್ತು ನಿಮಿಷ ಸಾಕು. ಅಳೆದು ನೋಡಿದ್ದು ಸಾಧನೆಯಲ್ಲ, ಸಾಧನೆ ಸೀಮೆಸುಣ್ಣದಿಂದಲೇ ಆಗಬೇಕು. ನಲವತ್ತು ನಿಮಿಷವೂ ಪರದೆ ಉರಿಯುತ್ತಿದ್ದರೆ ಅದು ಪಾಠವಲ್ಲ, ಟೂರಿಂಗ್ ಟಾಕೀಸು.

ಇದನ್ನು ಮಾಡಲು ಸ್ಮಾರ್ಟ್ ಬೋರ್ಡೇ ಬೇಕೆಂದಿಲ್ಲ. ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಕರೆಂಟ್ ಹೋದರೆ ಇರಲಿ ಎಂದು ಒಂದು ಯುಪಿಎಸ್. ದೀಕ್ಷಾದ ಪಾಠಗಳನ್ನು ಮೊಬೈಲಿಗೆ ಮೊದಲೇ ಇಳಿಸಿಕೊಂಡರೆ ತರಗತಿಯಲ್ಲಿ ನೆಟ್‌ವರ್ಕ್ ಹುಡುಕುತ್ತ ಕಿಟಕಿಗೆ ಕೈ ಚಾಚುವ ಪ್ರಸಂಗ ಬರುವುದಿಲ್ಲ.

ಒಬ್ಬ ಕನ್ನಡ ಅಕ್ಕಾವ್ರು ನನಗೆ ಹೇಳಿದ್ದರು: ‘ಮಕ್ಕಳ ಮುಂದೆ ಕೈ ತಡವರಿಸಿದರೆ ಮಾನ ಹೋಗುತ್ತದೆ ಸರ್.’ ತರಬೇತಿಯ ಪ್ರಮಾಣಪತ್ರ ಅವರ ಬಳಿ ಎರಡಿದ್ದವು, ಧೈರ್ಯ ಒಂದೂ ಇರಲಿಲ್ಲ. ಅವರು ನುಡಿಯಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಯೂನಿಕೋಡ್‌ಗೆ ಬದಲಿಸುವುದನ್ನು ತೋರಿಸಲು ಒಂದು ಸಂಜೆ ಬೇಕಾಯಿತು, ಅಷ್ಟೇ. ಆಮೇಲೆ ಅವರು ತಮ್ಮದೇ ಒಂದು ಉಪಾಯ ಕಂಡುಕೊಂಡರು. ಓದಲು ತೊಡರುವ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಅವರ ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತಿಂಗಳ ನಂತರ ಅದೇ ಮಗುವಿಗೆ ಹಳೆಯದನ್ನೂ ಹೊಸದನ್ನೂ ಕೇಳಿಸಿದರು. ತನ್ನ ಓದು ಸುಧಾರಿಸಿದ್ದನ್ನು ತಾನೇ ಕೇಳಿದ ಮಗುವಿನ ಮುಖವನ್ನು ನೀವು ನೋಡಬೇಕು. ಈ ಉಪಾಯ ಯಾವ ತರಬೇತಿ ಕೈಪಿಡಿಯಲ್ಲೂ ನನಗೆ ಸಿಕ್ಕಿರಲಿಲ್ಲ.

1980ರ ದಶಕದಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಸಂಶೋಧಕರು ಇದನ್ನೇ ಹೇಳಿದರು. ಉಪನ್ಯಾಸ ಕೇಳಿ ಹೋದ ಶಿಕ್ಷಕರಲ್ಲಿ ಅದನ್ನು ತರಗತಿಗೆ ಒಯ್ಯುವವರು ಬಹಳ ಕಡಿಮೆ, ತಮ್ಮ ಶಾಲೆಯಲ್ಲೇ ಜೊತೆಗಾರರೊಬ್ಬರು ನಿಂತು ನೋಡಿ ತಿದ್ದಿದರೆ ಹೆಚ್ಚು ಜನ ಒಯ್ಯುತ್ತಾರೆ. (ನಾನು ಈಗ ಮಾಡುತ್ತಿರುವುದೂ ಉಪನ್ಯಾಸವೇ, ಅದು ನನಗೆ ನೆನಪಿದೆ!) ನಮ್ಮ ನಲಿ-ಕಲಿಯನ್ನೇ ನೋಡಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದದ್ದರಿಂದಲೇ ಅದಕ್ಕೆ ಬೇರು ಬಂತು.

ಆದ್ದರಿಂದ ಮಂಡಳಿಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಈ ವರ್ಷ ಬೋರ್ಡಿನ ಹಣದಲ್ಲಿ ಅರ್ಧವನ್ನು ಮಾತ್ರ ಸಾಮಾನಿಗೆ ಇಡಿ. ಉಳಿದ ಅರ್ಧದಲ್ಲಿ ಪ್ರತಿ ಶಾಲೆಗೂ ಒಬ್ಬ ಅತಿಥಿ ಶಿಕ್ಷಕರನ್ನು ಕೊಡಿ. ಆಗ ಆ ಶಾಲೆಯ ಒಬ್ಬ ಆಸಕ್ತ ಶಿಕ್ಷಕರಿಗೆ ವಾರಕ್ಕೆ ಆರು ತಾಸು ಬಿಡುವು ಸಿಕ್ಕೀತು, ಆ ಹೊತ್ತಿನಲ್ಲಿ ಅವರು ಉಳಿದವರ ತರಗತಿಗೆ ಹೋಗಿ ಜೊತೆ ನಿಲ್ಲಲಿ. ಅವರಿಂದ ವರದಿ ಕೇಳಬೇಡಿ, ಫೋಟೊ ಕೇಳಬೇಡಿ. ಫೋಟೊಕ್ಕಾಗಿ ಮಾಡಿದ ಪಾಠಗಳನ್ನು ಬೇಕಾದಷ್ಟು ನೋಡಿದ್ದೇವೆ. ಎಲ್ಲಕ್ಕಿಂತ ಮೊದಲು, ಪಾಠ ಮಾಡುವಾಗ ಕೆಟ್ಟ ಯಂತ್ರಕ್ಕೆ ಶಿಕ್ಷಕರು ಹೊಣೆಯಲ್ಲ ಎಂದು ಒಂದು ಠರಾವು ಬರೆದು ಸಹಿ ಮಾಡಿ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಇವತ್ತೇ ಆಗಬಹುದು.

ಶಿಕ್ಷಕ ಬಂಧುಗಳೇ, ಪ್ರಸಾದ ಮುಗಿಸಿಕೊಂಡು ಎರಡು ಗಂಟೆಗೆ ಮೇಲಿನ ಸಭಾಂಗಣಕ್ಕೆ ಬನ್ನಿ. ಹತ್ತು ಲ್ಯಾಪ್‌ಟಾಪ್ ಇಟ್ಟಿದ್ದೇವೆ. ನಿಮ್ಮ ನಿಮ್ಮ ಪಠ್ಯಪುಸ್ತಕ ತನ್ನಿ, ನಾಳೆ ಮಾಡಬೇಕಾದ ಪಾಠವನ್ನೇ ತೆಗೆಯೋಣ. ಇದುವರೆಗೆ ಮೌಸ್ ಹಿಡಿಯದವರು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಗೊತ್ತಿದ್ದವರು ಅವರ ಹಿಂದೆ ನಿಂತಿರಿ.