ಹುಟ್ಟಿನಿಂದ ತಿರುಪಿನವರೆಗೆ



ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದರೆ ಬೆಳಗಿನ ಹೊತ್ತು ಒಂದೆರಡು ಹರಿಗೋಲು ಕಾಣುತ್ತವೆ. ರಾತ್ರಿ ಬಿಟ್ಟ ಬಲೆಯನ್ನು ಮೀನುಗಾರರು ಎಳೆದುಕೊಳ್ಳುತ್ತಿರುತ್ತಾರೆ. ಒಂದು ಕೈಯಲ್ಲಿ ಬಲೆ, ಇನ್ನೊಂದು ಕೈಯಲ್ಲಿ ಹುಟ್ಟು. ಹುಟ್ಟು ನೀರಿಗೆ ಇಳಿಯುವುದನ್ನು ಸ್ವಲ್ಪ ಗಮನಿಸಿ. ಅದರ ಅಲಗು ಪೂರ್ತಿ ಮುಳುಗುತ್ತದೆ, ಹಿಡಿ ಮುಳುಗುವುದಿಲ್ಲ. ಅಲಗು ಅರ್ಧವೇ ಮುಳುಗಿದರೆ ನೀರು ಚಿಮ್ಮುತ್ತದೆ, ಹರಿಗೋಲು ಕದಲುವುದಿಲ್ಲ. ಹಿಡಿಯವರೆಗೂ ಮುಳುಗಿಸಿದರೆ ತೋಳು ಸೋಲುತ್ತದೆ. ಎಷ್ಟು ಆಳ, ಎಷ್ಟು ನೀರು ಎಂಬ ಈ ಎರಡು ಲೆಕ್ಕವನ್ನು ಅವರ ಕೈ ತಾನಾಗಿ ಹಾಕುತ್ತದೆ. ಹರಿಗೋಲಿನ ಹುಟ್ಟಿನಿಂದ ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ವರೆಗಿನ ದಾರಿಯನ್ನು ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ. ಆ ದಾರಿಯುದ್ದಕ್ಕೂ ಇರುವುದು ಈ ಎರಡೇ ಲೆಕ್ಕ.

ಹರಿಗೋಲು ನಮ್ಮ ನದಿಗೆ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ತುಂಗಭದ್ರೆಯನ್ನು ಆನೆಗೊಂದಿಯ ಬಳಿ ಜನ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಆದರೆ ಈ ದೋಣಿಗಳು ನೆಟ್ಟಗೆ ಹೋಗುವುದಿಲ್ಲ, ಗಿರಗಿರ ತಿರುಗುತ್ತಲೇ ಸಾಗುತ್ತವೆ ಎಂದೂ ಅವನು ಗುರುತಿಸಿದ್ದಾನೆ. ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂತು, ಈಗ ಫೈಬರ್ ಹರಿಗೋಲೂ ಬಂದಿದೆ. ತಿರುಗುವ ಗುಣ ಮಾತ್ರ ಹಾಗೇ ಇದೆ. ದುಂಡಗಿರುವುದಕ್ಕೆ ಹಿಂದು ಮುಂದು ಇಲ್ಲ, ಅಂಚಿನಲ್ಲಿ ಎಲ್ಲಿ ತಳ್ಳಿದರೂ ಅದು ಸುತ್ತುತ್ತದೆ. ಹಾಗಾಗಿ ಹರಿಗೋಲಿಗೆ ಎಂಜಿನ್ ಹೊಂದುವುದಿಲ್ಲ. ಎಂಜಿನ್ ಕೂರಬೇಕಾದರೆ ದೋಣಿಗೆ ನೆಟ್ಟಗಿನ ಹಿಂಬದಿ ಹಲಗೆ ಬೇಕು.

ಈಗ ನದಿ ಬಿಟ್ಟು ಸ್ವಲ್ಪ ದೂರ ಹೋಗೋಣ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಉಗಿಹಡಗುಗಳ ಎರಡೂ ಪಕ್ಕದಲ್ಲಿ ದೊಡ್ಡ ಚಕ್ರಗಳಿದ್ದವು. ಚಕ್ರದ ಸುತ್ತ ಹಲಗೆ ಹೊಡೆದರೆ ಆಯಿತು, ನೂರು ಹುಟ್ಟು ಒಟ್ಟಿಗೆ ಹಾಕಿದ ಹಾಗೆ. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತ ತನ್ನ ಹೊಲದ ಕೊಳದಲ್ಲಿ ಆಟಿಕೆ ದೋಣಿ ಬಿಟ್ಟು ಬೇರೆ ದಾರಿ ಹುಡುಕಿದ. ಮರದ ತಿರುಪೊಂದನ್ನು ದೋಣಿಯ ಹಿಂದೆ ನೀರಿನೊಳಗೆ ತಿರುಗಿಸಿದ. 1836ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಅದೇ ವರ್ಷ ಸ್ವೀಡನ್ನಿನ ಜಾನ್ ಎರಿಕ್ಸನ್‌ಗೂ ಸಿಕ್ಕಿತು. ಮರುವರ್ಷ ಸ್ಮಿತ್ ತನ್ನ ಸಣ್ಣ ಉಗಿದೋಣಿಯನ್ನು ಲಂಡನ್ನಿನ ಕಾಲುವೆಯಲ್ಲಿ ಓಡಿಸುತ್ತಿದ್ದಾಗ ಏನೋ ತಾಗಿ ತಿರುಪಿನ ಅರ್ಧ ಭಾಗ ಮುರಿದುಹೋಯಿತು. ಎರಡು ಸುತ್ತಿನ ತಿರುಪು ಒಂದೇ ಸುತ್ತಿನದಾಯಿತು. ದೋಣಿ ನಿಲ್ಲಬೇಕಿತ್ತು, ಆದರೆ ಮೊದಲಿಗಿಂತ ಜೋರಾಗಿ ಓಡಿತು. ತಿರುಪು ಉದ್ದವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಂದೇ ಮುರಿಯಿತು.

1845ರಲ್ಲಿ ಬ್ರಿಟಿಷ್ ನೌಕಾಪಡೆ ಸರಿಸುಮಾರು ಸಮಬಲದ ಎರಡು ಹಡಗುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟಕ್ಕೆ ಬಿಟ್ಟಿತು. ತಿರುಪಿನ ‘ರ‍್ಯಾಟ್ಲರ್’, ಚಕ್ರದ ‘ಅಲೆಕ್ಟೊ’ವನ್ನು ಗಂಟೆಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಯಿತು. ಚಕ್ರದ ಹಲಗೆ ಅರ್ಧಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ. ತಿರುಪು ಸದಾ ನೀರಿನಲ್ಲೇ ಇರುತ್ತದೆ.

ತಿರುಪು ಅಂದಕೂಡಲೇ ಹರಿಹರದವರಿಗೆ ಲೇತ್ ನೆನಪಾಗಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಾನಿದ್ದ ಜಾಗಕ್ಕೆ ಯಂತ್ರಾಪುರ ಎಂಬ ಹೆಸರನ್ನೇ ಕೊಟ್ಟಿತು. ಇಲ್ಲಿ ತಯಾರಾದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋದವು. ನಾನೂ ಬಹಳ ವರ್ಷ ಲೇತ್ ಮುಂದೆ ನಿಂತು ತಿರುಪಿನ ಮರೆ ಕತ್ತರಿಸಿದವನು. ಲೇತಿನ ಲೀಡ್ ಸ್ಕ್ರೂ ಒಂದು ಸುತ್ತು ತಿರುಗಿದರೆ ಕ್ಯಾರೇಜ್ ಎಷ್ಟು ಮುಂದೆ ಹೋಗುತ್ತದೋ ಅದೇ ಪಿಚ್. ದೋಣಿಯ ತಿರುಪಾದ ಪ್ರೊಪೆಲ್ಲರಿನ ಮೇಲೆ ಕೆತ್ತಿರುವ ಪಿಚ್ ಕೂಡ ಇದೇ. 10 ಇಂಚು ಪಿಚ್ ಎಂದರೆ ಒಂದು ಸುತ್ತಿಗೆ ದೋಣಿ 10 ಇಂಚು ಮುಂದೆ ಹೋಗಬೇಕು. ಹೋಗಬೇಕು ಎಂದೆ, ಹೋಗುತ್ತದೆ ಎನ್ನಲಿಲ್ಲ. ಲೇತಿನಲ್ಲಿ ತಿರುಪಿಗೆ ಸಿಕ್ಕಿರುವುದು ಲೋಹದ ನಟ್ಟು, ಅದು ಜಾರುವುದಿಲ್ಲ. ನದಿಯಲ್ಲಿ ನೀರೇ ನಟ್ಟು, ಅದು ಜಾರುತ್ತದೆ. ಈ ಜಾರಿಕೆಗೆ ಸ್ಲಿಪ್ ಎನ್ನುತ್ತಾರೆ. ಹಗುರ ದೋಣಿ ಜೋರಾಗಿ ಓಡುವಾಗ ಅದು ನೂರಕ್ಕೆ ಹತ್ತಿಪ್ಪತ್ತು ಇರಬಹುದು, ಭಾರ ಹೊತ್ತ ದೋಣಿಯಲ್ಲಿ ಇನ್ನೂ ಹೆಚ್ಚು.

ಎಂಜಿನ್ ಮತ್ತು ತಿರುಪನ್ನು ಒಂದೇ ಕಟ್ಟಾಗಿ ಮಾಡಿ ದೋಣಿಯ ಹಿಂದೆ ಸಿಕ್ಕಿಸುವ ಉಪಾಯವನ್ನು 1881ರಲ್ಲೇ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ವಿದ್ಯುತ್ ಮೋಟಾರಿನಿಂದ ಮಾಡಿ ತೋರಿಸಿದ್ದ. ಅದನ್ನು ಜನರ ಕೈಗೆ ತಂದವರಲ್ಲಿ ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಮುಖ್ಯನಾದವನು. ಬೇಸಿಗೆಯ ಒಂದು ದಿನ ಕೆರೆಯಾಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟು ಹಾಕಿಕೊಂಡು ಹೋದನಂತೆ, ವಾಪಸ್ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಆ ಕಥೆ ಹೇಗೇ ಇರಲಿ, 1909ರಲ್ಲಿ ಅವನು ಮಾರಾಟಕ್ಕಿಟ್ಟ ಎಂಜಿನ್ ಒಂದೂವರೆ ಅಶ್ವಶಕ್ತಿಯದು, ತೂಕ ಸುಮಾರು 28 ಕಿಲೋ. ಒಬ್ಬನೇ ಹೊತ್ತು ತಂದು ದೋಣಿಗೆ ಕಟ್ಟಬಹುದಿತ್ತು. 1960ರಲ್ಲಿ ಜಪಾನಿನ ಯಮಹಾ ತನ್ನ ಮೊದಲ ಔಟ್‌ಬೋರ್ಡ್ ತಂದಿತು. 1980ರ ದಶಕದಲ್ಲಿ ನಮ್ಮ ಕರಾವಳಿಯ ನಾಡದೋಣಿಗಳಿಗೂ ಈ ಎಂಜಿನ್ ಬಂತು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಓಡಿಸುವ ರೂಢಿ ಅಲ್ಲಿ ಬೆಳೆಯಿತು. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳು ದಡದಲ್ಲಿರುವಾಗ, 10 ಅಶ್ವಶಕ್ತಿಯೊಳಗಿನ ಎಂಜಿನ್‌ನ ನಾಡದೋಣಿಗಳು ಮೀನಿಗೆ ಹೋಗಬಹುದು. ಶಕ್ತಿಗೆ ಅಲ್ಲಿ ಮಿತಿ ಇದೆ, ಆದ್ದರಿಂದ ಇರುವ ಎಂಜಿನ್‌ನಿಂದಲೇ ಪೂರ್ತಿ ಕೆಲಸ ತೆಗೆಯಬೇಕು.

ಅದಕ್ಕೆ ದಾರಿ ಎರಡು. ಮೊದಲನೆಯದು ಎಂಜಿನ್ ಕೂರುವ ಎತ್ತರ.

ಕೆಲವು ವರ್ಷಗಳ ಹಿಂದೆ ಮಳೆಗಾಲಕ್ಕೆ ಮುಂಚೆ ಹೊಳೆದಂಡೆಯ ಹುಡುಗರು ಕೆಲವರು ಒಂದು ಫೈಬರ್ ದೋಣಿಗೆ ಸೆಕೆಂಡ್‌ಹ್ಯಾಂಡ್ ಔಟ್‌ಬೋರ್ಡ್ ಕಟ್ಟಿ ನನ್ನನ್ನು ಕರೆದರು. ನೆರೆ ಬಂದರೆ ತಗ್ಗಿನ ಮನೆಗಳ ಜನರನ್ನು ಸಾಗಿಸಲು ಅದು ಅಂತ ಅವರ ಆಸೆ. “ಅಣ್ಣಾ, ಇಂಜಿನ್ ಕೂಗ್ತೈತಿ, ದೋಣಿ ಮುಂದಕ್ಕೇ ಹೋಗ್ತಿಲ್ಲ” ಅಂದರು. ಥ್ರಾಟಲ್ ತಿರುವಿದಾಗ ನಾನೂ ಕೇಳಿದೆ. ಸದ್ದು ಒಮ್ಮೆಲೇ ಏರಿತು, ದೋಣಿಯ ಹಿಂದೆ ಬಿಳಿ ನೊರೆ ಎದ್ದಿತು, ದೋಣಿ ಮಾತ್ರ ನಿಂತಲ್ಲೇ ತೂಗಾಡಿತು.

ಹೊಳೆ, ಕಾಲುವೆಯ ಪಂಪು ನಡೆಸಿದ ರೈತರಿಗೆ ಈ ಸದ್ದು ಗೊತ್ತು. ನೀರು ಇಳಿದು ಫುಟ್‌ವಾಲ್ವ್ ಮೇಲೆ ಬಂದರೆ “ಪಂಪು ಏರ್ ಹಿಡೀತು” ಅನ್ನುತ್ತೇವೆ. ಇಲ್ಲೂ ಅದೇ ಆಗಿತ್ತು. ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಂಡು ನೀರಿನ ಬದಲು ನೊರೆಯನ್ನು ಕಡೆಯುತ್ತಿತ್ತು. ಗಾಳಿ ಇಳಿಯದಿರಲೆಂದೇ ಪ್ರೊಪೆಲ್ಲರಿನ ಮೇಲ್ಗಡೆ ಅಡ್ಡಲಾಗಿ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಅದನ್ನು ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ. ಆದರೆ ಕ್ಯಾವಿಟೇಶನ್ ಬೇರೆಯೇ ಕಾಯಿಲೆ. ಚಾರ್ಲ್ಸ್ ಪಾರ್ಸನ್ಸ್ 1890ರ ದಶಕದಲ್ಲಿ ‘ಟರ್ಬಿನಿಯಾ’ ಹಡಗನ್ನು ಉಗಿಟರ್ಬೈನಿನಿಂದ ಓಡಿಸಲು ಹೋದಾಗ ಒಂದೇ ಪ್ರೊಪೆಲ್ಲರ್ ಅತಿಜೋರಾಗಿ ತಿರುಗಿ, ಅಲಗಿನ ಬೆನ್ನಿನಲ್ಲಿ ಒತ್ತಡ ಕುಸಿದು, ನೀರೇ ಆವಿಯಾಗಿ ಗುಳ್ಳೆಯಾಯಿತು. ಅವನು ಗಾಜಿನ ಕಿಟಕಿಯ ತೊಟ್ಟಿಯಲ್ಲಿ ಆ ಗುಳ್ಳೆಗಳನ್ನು ಕಣ್ಣಾರೆ ಕಂಡು, ಮೂರು ಶಾಫ್ಟ್‌ಗಳಿಗೆ ಒಟ್ಟು ಒಂಬತ್ತು ಪ್ರೊಪೆಲ್ಲರ್ ಹಾಕಿ ಗೆದ್ದ. ಪಾರ್ಸನ್ಸ್‌ಗೆ ಕಾಟ ಕೊಟ್ಟದ್ದು ನೀರಿನೊಳಗೇ ಹುಟ್ಟಿದ ಆವಿ. ನಮ್ಮ ಹುಡುಗರಿಗೆ ಕಾಟ ಕೊಟ್ಟದ್ದು ಮೇಲಿನಿಂದ ಇಳಿದ ಗಾಳಿ.

ಟೇಪು ತರಿಸಿ ಅಳೆದೆ. ಎಂಜಿನ್ 15 ಇಂಚಿನ ಗಿಡ್ಡ ಶಾಫ್ಟಿನದು. ಹಿಂಬದಿ ಹಲಗೆ ಹದಿನೈದೂವರೆ ಇಂಚು, ಸರಿಯಾಗಿಯೇ ಇತ್ತು. ಆದರೆ ಕಲ್ಲು ತಾಗೀತೆಂದು ಹುಡುಗರು ಎಂಜಿನ್ನಿನ ಕೆಳಗೆ ಎರಡು ಇಂಚಿನ ಮರದ ತುಂಡು ಕೊಟ್ಟಿದ್ದರು. ತಟ್ಟೆ ದೋಣಿಯ ತಳಕ್ಕಿಂತ ಎರಡೂವರೆ ಇಂಚು ಮೇಲೆ ಹೋಗಿತ್ತು. ನಿಯಮ ಸರಳ: ದೋಣಿ ಸಮನಾಗಿ ನಿಂತಾಗ ತಟ್ಟೆ ತಳದ ಗೆರೆಗೆ ಸಮನಾಗಿರಬೇಕು, ಹೆಚ್ಚೆಂದರೆ ಒಂದಿಂಚು ಅತ್ತಿತ್ತ. ಮರದ ತುಂಡು ತೆಗೆದೆವು. ಈ ಸಲ ಥ್ರಾಟಲ್ ತಿರುವಿದಾಗ ಸದ್ದು ತಗ್ಗಿ ಗಡುಸಾಯಿತು, ದೋಣಿಯ ಮೂತಿ ಎದ್ದು ಮುಂದಕ್ಕೆ ನುಗ್ಗಿತು. ಎಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ತಣಿಸುವ ನೀರು ಒಂದೇ ಸಮನೆ ಚಿಮ್ಮುತ್ತಿತ್ತು. ಎಂಜಿನ್ ಮೇಲೇರಿದ್ದಾಗ ಆ ನೀರು ಕಡಿದುಕಡಿದು ಬರುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಹಾಗೇ ಓಡಿಸಿದ್ದರೆ ಎಂಜಿನ್ ಕಾದು ಸೀಝ್ ಆಗುತ್ತಿತ್ತು. ಅತಿ ಕೆಳಗಿಟ್ಟರೂ ತೊಂದರೆಯೇ: ಎಂಜಿನ್ನಿನ ಕಾಲು ನೀರಿಗೆ ಅಡ್ಡಬಂದು ವೇಗ ಕುಂದುತ್ತದೆ, ತಗ್ಗಿನ ನದಿಯಲ್ಲಿ ಬಂಡೆಗೆ ತಾಗುತ್ತದೆ.

ಎರಡನೆಯದು ಪ್ರೊಪೆಲ್ಲರ್, ಕರಾವಳಿಯವರು ಹೇಳುವ ಹಾಗೆ ಫ್ಯಾನು. ಅದರ ಮೇಲೆ ಎರಡು ಅಂಕಿ ಇರುತ್ತವೆ, ವ್ಯಾಸ ಮತ್ತು ಪಿಚ್. ವ್ಯಾಸ ಊಟದ ತಟ್ಟೆಯ ಅಗಲವಾದರೆ, ಪಿಚ್ ಒಂದು ತುತ್ತಿನ ಗಾತ್ರ. ಹುಡುಗರ ದೋಣಿಗೆ 11 ಇಂಚು ಪಿಚ್ ಇತ್ತು. ಜೋರು ಓಡುತ್ತದೆ ಎಂದು ಯಾರೋ ಕೊಡಿಸಿದ್ದರು. ಒಬ್ಬನೇ ಕುಳಿತಾಗ ನಿಜವಾಗಿ ಜೋರೇ. ಆರು ಜನ ಕೂತ ಮೇಲೆ ಸ್ಪಾರ್ಕ್ ಪ್ಲಗ್ ವೈರಿಗೆ ಟ್ಯಾಕೋಮೀಟರ್ ಸುತ್ತಿ ನೋಡಿದರೆ, ಪೂರ್ತಿ ಥ್ರಾಟಲಿಗೂ ನಿಮಿಷಕ್ಕೆ 4,700 ಸುತ್ತು ದಾಟಲಿಲ್ಲ. ಎಂಜಿನ್ ಪುಸ್ತಕ ಹೇಳುವುದು 5,000ದಿಂದ 6,000. ದಿಬ್ಬ ಹತ್ತುವ ಲೋಡ್ ಗಾಡಿಯನ್ನು ಟಾಪ್ ಗೇರಿನಲ್ಲಿ ಬಿಟ್ಟ ಹಾಗೆ ಎಂಜಿನ್ ಏದುಸಿರು ಬಿಡುತ್ತಿತ್ತು. ಪಿಚ್ ಒಂದಿಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಸುತ್ತು ಏರುತ್ತದೆ. 9 ಇಂಚಿನದು ಹಾಕಿಸಿದೆವು. ಸುತ್ತು 5,000 ದಾಟಿತು, ತುಂಬಿದ ದೋಣಿ ಪ್ರವಾಹಕ್ಕೆ ಎದುರಾಗಿ ಏರಿತು.

ಲೆಕ್ಕ ನೀವೇ ಹಾಕಬಹುದು. ಎಂಜಿನ್ 5,000 ಸುತ್ತು, ಗೇರಿನಲ್ಲಿ ಅದು ಅರ್ಧವಾದರೆ ಪ್ರೊಪೆಲ್ಲರ್ ನಿಮಿಷಕ್ಕೆ 2,500 ಸುತ್ತು. 10 ಇಂಚು ಪಿಚ್ ಆದರೆ ನಿಮಿಷಕ್ಕೆ 635 ಮೀಟರ್, ಗಂಟೆಗೆ ಸುಮಾರು 38 ಕಿಲೋಮೀಟರ್. ಅದರಿಂದ ನೀರಿನ ಜಾರಿಕೆ ಕಳೆಯಿರಿ. ಹಗುರ ದೋಣಿಗೆ ದೊಡ್ಡ ತುತ್ತು, ಭಾರಕ್ಕೆ ಸಣ್ಣ ತುತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲ ಬರೆದಿಟ್ಟುಕೊಳ್ಳಿ. ನಾವು ಮೊದಲೇ ಎತ್ತರವನ್ನೂ ಪಿಚ್ಚನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದು ಏನು ಮಾಡಿತೆಂದು ತಿಳಿಯುತ್ತಲೇ ಇರಲಿಲ್ಲ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ನೀರಿನಲ್ಲಿ ಮನುಷ್ಯರಿರುವ ಕಡೆ ದೋಣಿ ಹೋದಾಗ ಎಂಜಿನ್ ಆಫ್ ಮಾಡಿ, ಕೊನೆಯ ಹತ್ತು ಮಾರು ಹುಟ್ಟು ಹಾಕಿಯೇ ಹೋಗಿ. ಲೈಫ್ ಜಾಕೆಟ್ ಎಲ್ಲರಿಗೂ ಇರಲಿ. ಪ್ರೊಪೆಲ್ಲರಿಗೆ ನೀರು ಯಾವುದು, ಕಾಲು ಯಾವುದು ಗೊತ್ತಾಗುವುದಿಲ್ಲ.

ಅವತ್ತು ಸಂಜೆ ದೋಣಿ ದಡಕ್ಕೆ ಬಂದಾಗ ಹರಿಗೋಲಿನ ಒಬ್ಬ ಹಿರಿಯರು ನಿಂತು ನೋಡುತ್ತಿದ್ದರು. “ಏನ್ ಮಾಡಿದ್ರಿ ಮೇಸ್ತ್ರೀ?” ಎಂದರು. ಎರಡು ಇಂಚು ಕೆಳಗಿಳಿಸಿ, ಸಣ್ಣ ತುತ್ತಿನ ಫ್ಯಾನು ಹಾಕಿದೆವು ಎಂದೆ. ಅವರು ತಮ್ಮ ಹುಟ್ಟನ್ನು ಎತ್ತಿ ತೋರಿಸಿದರು. ಅಲಗು ಮುಗಿದು ಹಿಡಿ ಶುರುವಾಗುವಲ್ಲಿ ನೀರು ತಾಗಿ ತಾಗಿ ಮರದ ಮೇಲೆ ಒಂದು ಕಪ್ಪು ಗೆರೆ ಬಿದ್ದಿತ್ತು. ನಾನು ಟೇಪು ಹಿಡಿದು ಹುಡುಕಿದ ಗೆರೆ ಅವರ ಹುಟ್ಟಿನ ಮೇಲೆ ಆಗಲೇ ಇತ್ತು.